ಒಂದು ಸೆಟ್ ಕೊಡ್ತೀವಿ ಬಿಡಿ

ನನ್ನ ಮದುವೆಯ ಮಾತುಕತೆ ನಡೆಸಿದವರು ಕುಣಿಗಲ್ಲಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನನ್ನ ಸೋದರಮಾವ. ಎಂಬತ್ತರ ದಶಕದ ನಡುವಿನ ಕಾಲ ಅದು. ಮಾವ ಹೆಚ್ಚು ಓದಿದವರಲ್ಲ, ಆದರೆ ಮಾತಿನ ನಡುವೆ ಒಂದೆರಡು ಇಂಗ್ಲಿಷ್ ಪದ ಉದುರಿಸದಿದ್ದರೆ ಅವರಿಗೆ ಮಾತಾಡಿದ ಸಮಾಧಾನವೇ ಆಗುತ್ತಿರಲಿಲ್ಲ.

"ಕನ್ನಡದಲ್ಲಿ ಹೇಳಿದ್ರೆ ಜನ ನೆನಪಿಟ್ಕೊಂಡು ವಾಪಸ್ ಕೇಳ್ತಾರೆ ಕಣೇ. ಇಂಗ್ಲಿಷಲ್ಲಿ ಹೇಳ್ಬಿಟ್ರೆ ತಲೆ ಆಡಿಸಿ ಸುಮ್ಮನಾಗ್ತಾರೆ," ಎಂದು ನನಗೇ ಒಮ್ಮೆ ಗುಟ್ಟು ಹೇಳಿಕೊಟ್ಟಿದ್ದರು. ಬಿ.ಎ. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ನನಗೆ!

ನಾವಿದ್ದದ್ದು ತುಮಕೂರಿನ ಮರಳೂರಿನಲ್ಲಿ. ಅಪ್ಪ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಹುಡುಗ ಗುಬ್ಬಿಯಲ್ಲಿ ಗುಮಾಸ್ತ, ಅವನ ಮನೆಯವರು ಸಿ.ಎಸ್. ಪುರದ ಕಡೆ ಬೇಸಾಯಗಾರರು. ನೋಡಲು ಬಂದ ದಿನ ಅವನ ಅಮ್ಮ ನನಗೆ ಹಾಡು ಹೇಳಮ್ಮ ಎಂದಾಗ ಹುಡುಗ, "ಹಾಡು ಬೇಡ, ಕಾಫಿಗೆ ಇನ್ನೊಂಚೂರು ಸಕ್ಕರೆ ಕೊಟ್ರೆ ಸಾಕು," ಅಂದಿದ್ದ. ಹಾಡಿನಿಂದ ನನ್ನನ್ನು ಪಾರು ಮಾಡಿದವನನ್ನು ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ.

ಮುಂದಿನ ವಾರ ಅಪ್ಪನಿಗೆ ರಜ ಸಿಗದೆ ಮಾವ ಒಬ್ಬರೇ ಹುಡುಗನ ಮನೆಗೆ ಹೋದರು. ಅಲ್ಲಿ ಎಲ್ಲ ಸಲೀಸಾಗಿ ಸಾಗಿ, ಕೊನೆಗೆ ಹುಡುಗನ ಅಮ್ಮ, "ಮತ್ತೆ ನಿಮ್ಮ ಕಡೆಯಿಂದ ಏನ್ ಕೊಡ್ತೀರಾ?" ಎಂದು ಕೇಳಿದರಂತೆ. ಮಾವ ಕಾಲ ಮೇಲೆ ಕಾಲು ಹಾಕಿಕೊಂಡು, "ಒಂದು ಸೆಟ್ ಕೊಡ್ತೀವಿ ಬಿಡಿ," ಅಂದರಂತೆ. ಮನೆಯವರೆಲ್ಲ ತಲೆ ಆಡಿಸಿದರು. ಕೋಳಿ ಕೊಯ್ದು ಊಟ ಹಾಕಿ ಕಳಿಸಿದರು.

"ಯಾವ ಸೆಟ್ಟು?" ಅಂತ ಅಪ್ಪ ಕೇಳಿದರು.

"ಅದನ್ನ ಬಿಡಿಸಿ ಹೇಳ್ಳಿಲ್ಲ ಭಾವ. ಒಂದು ಸ್ಟೀಲ್ ಪಾತ್ರೆ ಸೆಟ್ಟೋ, ಟೀ ಕುಡಿಯೋ ಕಪ್ ಸೆಟ್ಟೋ ಕೊಟ್ರೆ ಮುಗೀತು. ಸೆಟ್ ಅಂದ್ರೆ ಸೆಟ್ಟೇ. ಯಾರು ಕೇಳ್ತಾರೆ?"

ಎಲ್ಲರೂ ಕೇಳಿದರು. ಮೊದಲು ಬಂದವರು ಹುಡುಗನ ಅಪ್ಪ. ಒಂದು ಭಾನುವಾರ ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತು, ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಬೀಗ್ರೇ, ಮೂರು ಎಚ್‌ಪೀದೋ ಐದು ಎಚ್‌ಪೀದೋ?" ಅಂದರು. ವರ್ಕ್‌ಶಾಪಿನಲ್ಲಿ ದಿನವೂ ಮೋಟಾರು ಬಿಚ್ಚಿ ಜೋಡಿಸುವ ಅಪ್ಪನಿಗೂ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಬೀಗರು ತಮ್ಮ ಬಾವಿಗೆ ಪಂಪ್‌ಸೆಟ್ ಕೂರಿಸಿ, ಮನಸ್ಸಿನಲ್ಲೇ ಬತ್ತಕ್ಕೆ ನೀರು ಹಾಯಿಸುತ್ತಿದ್ದರು.

ಎರಡು ದಿನ ಬಿಟ್ಟು ಹುಡುಗನ ಅಮ್ಮ ಅವರ ಊರಿನ ಹೆಂಗಸೊಬ್ಬರ ಕೈಲಿ ಹೇಳಿ ಕಳಿಸಿದರು: ಬಿಳಿ ಕಲ್ಲು ಬೇಡ, ಕೆಂಪು ಕಲ್ಲಿಂದೇ ಇರಲಿ, ಓಲೆ ತೂಕವಾಗಿರಲಿ. ನನ್ನ ಅಮ್ಮ ಒಳಗೆ ಹೋಗಿ ಗೋಡೆಗೆ ಒರಗಿ ಕೂತುಬಿಟ್ಟಳು.

ಉಳಿದವನು ಹುಡುಗ. ಅವನು ಸಂಜೆ ನನ್ನ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ನನ್ನನ್ನೇ ನೋಡಲು ಬಂದಿದ್ದಾನೆಂದು ಖುಷಿಯಾಗಿ ಸೆರಗು ಸರಿಮಾಡಿಕೊಂಡು ಹೋದೆ. ಅವನು ಆಕಾಶ ನೋಡುತ್ತಾ, "ಗುಬ್ಬಿ ಮನೆ ಮೇಲೆ ಆಂಟೆನಾ ನಿಲ್ಲಿಸೋಕೆ ಓನರ್ ಒಪ್ಪಿದಾರೆ. ಕಲರ್ ಏನೂ ಬೇಡ, ಬ್ಲ್ಯಾಕ್ ಅಂಡ್ ವೈಟೇ ಸಾಕು," ಅಂದ.

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅಪ್ಪನ ಸಂಬಳದಲ್ಲಿ ಟಿ.ವಿ.ಯ ಪೆಟ್ಟಿಗೆಯೂ ಬರುವುದಿಲ್ಲವೆಂದು ಅವನಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಕೂತು ದೊಡ್ಡ ಡಿಕ್ಷನರಿ ತೆಗೆದೆ. ಆ ಪುಟ್ಟ ಪದಕ್ಕೆ ಪುಟದ ಮೇಲೆ ಪುಟ. ಹೊತ್ತು ಮುಳುಗಿದರೂ ಸೆಟ್, ಮುರಿದ ಮೂಳೆ ಕೂರಿಸಿದರೂ ಸೆಟ್, ಮೊಸರು ಹೆಪ್ಪುಗಟ್ಟಿದರೂ ಸೆಟ್, ಊಟಕ್ಕೆ ಎಲೆ ಹಾಕಿದರೂ ಸೆಟ್, ಒಬ್ಬರ ಮೇಲೆ ನಾಯಿ ಛೂ ಬಿಟ್ಟರೂ ಸೆಟ್! ಪಕ್ಕದಲ್ಲಿ ಕೂತ ಗಣಿತದ ಮೇಡಂ ಇಣುಕಿ ನೋಡಿ, "ನಮ್ಮಲ್ಲೂ ಸೆಟ್ ಇದೆ ಕಣ್ರೀ. ಅದರೊಳಗೆ ಏನೂ ಇಲ್ಲದಿದ್ರೂ ಅದು ಸೆಟ್ಟೇ," ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ಖಾಲಿ ಸೆಟ್ಟೊಂದನ್ನು ರಿಬ್ಬನ್ ಕಟ್ಟಿ ಕೊಟ್ಟರೆ ಮಾವನ ಮಾತೂ ಉಳಿಯುತ್ತದಲ್ಲ!

ಹುಡುಗ ಮತ್ತೆ ಗೇಟಿಗೆ ಬಂದಾಗ ನಾನು ತೀರಾ ಮರ್ಯಾದೆಯಿಂದ ಹೇಳಿದೆ. "ನೋಡಿ, ನಮ್ಮ ಮಾವ ಹೇಳಿರೋದು ಒಂದು ಸೆಟ್ಟು. ನಿಮಗೆ ಬೇಕಾಗಿರೋದು ಟಿ.ವಿ., ನಿಮ್ಮ ತಂದೆಯವರಿಗೆ ಪಂಪು, ನಿಮ್ಮ ತಾಯಿಯವರಿಗೆ ಕೆಂಪು ಕಲ್ಲು. ನೀವು ಮೂರು ಜನಾನೂ ಕೂತು ಯಾವುದಾದ್ರೂ ಒಂದು ಅಂತ ತೀರ್ಮಾನ ಮಾಡ್ಕೊಂಡು ಬನ್ನಿ."

"ಅಪ್ಪ ಪಂಪು ಅಂದ್ರಾ?" ಎಂದು ಅವನು ಬೆಚ್ಚಿಬಿದ್ದ.

ಅವರು ಮೂರೂ ಜನ ಜಗಳವಾಡುತ್ತಾರೆ, ತೀರ್ಮಾನ ಆಗುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಹಾಗೇ ಆಯಿತು. ಹುಡುಗನ ಮನೆಯೊಳಗೆ ಅಪ್ಪ ಅಮ್ಮನ ಜೊತೆ ಮಾತು ಬಿಟ್ಟರು, ಅಮ್ಮ ಮಗನ ಜೊತೆ ಮಾತು ಬಿಟ್ಟರು, ಮಗ ಶನಿವಾರ ಊರಿಗೆ ಹೋಗುವುದನ್ನೇ ಬಿಟ್ಟ. ನನಗೆ ಗೊತ್ತಿಲ್ಲದಿದ್ದದ್ದು ಏನೆಂದರೆ, ಆ ಮನೆಯಲ್ಲಿ ಕಡೆಯ ಮಾತು ಅವರು ಯಾರದ್ದೂ ಅಲ್ಲ, ಹುಡುಗನ ಅಜ್ಜಿಯದು.

ಅಜ್ಜಿ ಒಂದು ದಿನ ಮೊಮ್ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೇ ಬಂದಿಳಿದರು. ಬರುವ ಸುದ್ದಿ ಮೊದಲೇ ಬಂದಿದ್ದರಿಂದ ಕುಣಿಗಲ್ ಮಾವನನ್ನೂ ಕರೆಸಿದ್ದೆವು. ಅಜ್ಜಿ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಾತಾಡಿದರೆ ಅರ್ಧ ಮಾತು ಗಾಳಿಯಲ್ಲೇ ಹೋಗುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕೂತು ಅದನ್ನು ಕೂಡಿಸಿ ಹೇಳುತ್ತಿದ್ದ.

"ಏನಪ್ಪಾ ಸೈಕಲ್ಲಯ್ಯ, ನಮ್ಮನೇಲಿ ಒಲೆ ಉರೀತಿಲ್ಲ. ನೀನು ಏಳಿದ್ ಸೆಟ್ಟು ಯಾವ್ದು? ಈಗ್ಲೇ ಏಳ್ಬುಡು."

ಮಾವ ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡರು. "ಅದು... ಜನರಲ್ಲಾಗಿ ಹೇಳ್ಬೇಕು ಅಂದ್ರೆ ಅಮ್ಮಾವ್ರೇ..."

"ಜನರಲ್ಲು ಬ್ಯಾಡ. ಕನ್ನಡದಾಗ್ ಏಳು."

ಮಾವನಿಗೆ ಕನ್ನಡವೂ ಮರೆತುಹೋಯಿತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ನಾನು ಕಾಫಿ, ನಿಪ್ಪಟ್ಟು ತಂದಿಟ್ಟೆ. ಅಜ್ಜಿ ನಿಪ್ಪಟ್ಟು ಮುರಿದು ಕಾಫಿಗೆ ಹಾಕಿ, ಅದು ಮೆತ್ತಗಾಗುವುದನ್ನೇ ಕಾಯುತ್ತಾ ಕೂತರು. ಲೋಟದೊಳಗೆ ಇಣುಕುತ್ತಿದ್ದ ಆ ಮುಖದಲ್ಲಿದ್ದ ಆಸೆ ನೋಡಿ, ಯೋಚನೆ ಮಾಡುವುದಕ್ಕೂ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು:

"ಅಜ್ಜೀ, ಕಟ್ಟಿಸ್ಕೊಳ್ಳೋ ಹಲ್ಲಿಗೂ ಸೆಟ್ಟು ಅಂತಾರೆ."

ಮಾವನ ಕರ್ಚೀಫು ಕತ್ತಿನ ಮೇಲೆ ಹಾಗೇ ನಿಂತಿತು. ಹುಡುಗ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ.

"ಅಲ್ಲಿಗಾ?" ಅಂದರು ಅಜ್ಜಿ.

"ಹೂಂ. ಮೇಲಿಂದು, ಕೆಳಗಿಂದು ಎರಡೂ ಸೇರಿ ಒಂದು ಸೆಟ್ಟು. ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ಡಾಕ್ಟ್ರು ಮಾಡಿಕೊಡ್ತಾರೆ."

"ಕಳ್ಳೆಕಾಯ್ ಅಗೀಬೌದಾ?"

"ಅಗೀಬೋದು."

ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದರು. "ಬಾಡು?"

"ಚೆನ್ನಾಗಿ ಬೆಂದಿದ್ರೆ ಬಾಡೂ."

ಅಜ್ಜಿ ನೆಲಕ್ಕೆ ಕೈ ಬಡಿದರು. ಲೋಟದ ಕಾಫಿ ತುಳುಕಿತು. "ಅದೇ ಸೆಟ್ಟು! ಇವಯ್ಯ ಏಳಿದ್ದು ಅದೇಯ. ನಂಗೆ ಅವತ್ತೇ ಗೊತ್ತಾಯ್ತು."

ಮಾವ ಒಂದು ಕ್ಷಣವೂ ತಡಮಾಡಲಿಲ್ಲ. "ನಾನೂ ಅದನ್ನೇ ಮೀನ್ ಮಾಡಿದ್ದು ಅಮ್ಮಾವ್ರೇ!"

ಹುಡುಗ ಗೋಡೆ ಕಡೆ ತಿರುಗಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು. ಆಂಟೆನಾ ಬಿದ್ದುಹೋದದ್ದಕ್ಕೆ ಅಳುತ್ತಿದ್ದಾನೇನೋ ಅಂದುಕೊಂಡೆ. ಅವನು ನಗು ತಡೆದುಕೊಳ್ಳುತ್ತಿದ್ದ. ಅವನನ್ನೇ ಮದುವೆಯಾಗಬೇಕೆಂದು ನನಗೆ ಗಟ್ಟಿಯಾದದ್ದು ಆಗ.

ಡಾಕ್ಟರ ಹತ್ತಿರ ಅಜ್ಜಿಯನ್ನು ಕರೆದುಕೊಂಡು ಹೋಗುವ ಕೆಲಸ ನನಗೇ ಬಂತು. ಅಳತೆ ತೆಗೆಯಲು ಡಾಕ್ಟರು ಬಾಯಿಗೆ ಮೆತ್ತನೆಯ ಪದಾರ್ಥ ತುಂಬಿದರೆ ಅಜ್ಜಿ ಅದನ್ನು ತಿನ್ನಲು ಕೊಟ್ಟದ್ದೆಂದು ತಿಳಿದು ನುಂಗಲು ಹೊರಟಿದ್ದರು. ಹಲ್ಲು ಕೂರಿಸಿದ ದಿನ ಕನ್ನಡಿಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿಕೊಂಡರು. ಆಮೇಲೆ, "ಇವ್ಳು ಯಾವಳು?" ಅಂದರು. ಹೊರಗೆ ಬಂದು ತಳ್ಳುಗಾಡಿಯ ಹುರಿಗಡಲೆ ಕೊಡಿಸಿಕೊಂಡು, ಗುಬ್ಬಿ ಬಸ್ಸು ಬರುವವರೆಗೂ ಕಟಕಟ ಅಂತ ಅಗಿಯುತ್ತಾ ನಿಂತರು. ಡಾಕ್ಟರು ಮೊದಲ ವಾರ ಗಂಜಿ ಮಾತ್ರ ಅಂದಿದ್ದನ್ನು ನಾನು ನೆನಪಿಸಿದರೆ, "ಅವ್ನಿಗೇನ್ ಗೊತ್ತು, ಉಡುಗ," ಅಂದರು.

ಮದುವೆಯ ಫೋಟೋಗಳಲ್ಲಿ ನಾನು ತಲೆ ತಗ್ಗಿಸಿದ್ದೇನೆ, ಗಂಡನ ಅಪ್ಪ ಅಮ್ಮ ಇಬ್ಬರೂ ಗಂಟುಮೋರೆ ಹಾಕಿದ್ದಾರೆ, ಅಜ್ಜಿ ಒಬ್ಬರೇ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾರೆ. ನೆಂಟರು, "ಸೊಸೆ ಏನ್ ತಂದ್ಲವ್ವ?" ಎಂದು ಕೇಳಿದಾಗಲೆಲ್ಲ ನಮ್ಮತ್ತೆ ಅಡುಗೆಮನೆಯ ಕಡೆ ನಡೆದುಬಿಡುತ್ತಿದ್ದರು. ಅಜ್ಜಿ ಮಾತ್ರ ಕೇಳದವರಿಗೂ ಬಾಯಿಂದ ತೆಗೆದೇ ತೋರಿಸುತ್ತಿದ್ದರು.

ಅತ್ತೆಯ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಹಲ್ಲಿಲ್ಲದಾಗ ಅಜ್ಜಿ ಬೈದದ್ದರಲ್ಲಿ ಅರ್ಧ ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯಲಿಲ್ಲವೆಂದು ಸುಮ್ಮನಿರಬಹುದಿತ್ತು. ಈಗ ಒಂದೊಂದು ಅಕ್ಷರವೂ ಸ್ಪಷ್ಟ. ಮುದ್ದೆ ಗಂಟಾಗಿದೆ, ಸಾರಿಗೆ ಉಪ್ಪಿಲ್ಲ, ಎಮ್ಮೆಗೆ ಹಿಂಡಿ ಹಾಕಿಲ್ಲ ಎಂಬುದೆಲ್ಲ ಬೀದಿ ಕೊನೆಯವರೆಗೂ ಕೇಳುತ್ತಿತ್ತು. ಒಂದು ದಿನ ಅತ್ತೆ ಗುಬ್ಬಿಯ ನಮ್ಮ ಬಾಡಿಗೆ ಮನೆಗೆ ಬಂದವರು ಸೋತ ದನಿಯಲ್ಲಿ, "ನೀನೇ ಕೊಡಿಸಿದ್ದಲ್ವೇನವ್ವಾ, ನಾಕು ದಿನ ನೀನೇ ಇಟ್ಕೊ," ಅಂದರು. ಅಷ್ಟು ಹೇಳಿ ಅವರೂ ನಕ್ಕರು. ಮದುವೆಯಾದ ಮೇಲೆ ಅವರು ನನ್ನೆದುರು ನಕ್ಕದ್ದು ಅದೇ ಮೊದಲು.

ಹಾಗೆ ಅಜ್ಜಿ ನಮ್ಮಲ್ಲಿಗೆ ಬಂದರು. ಮಧ್ಯಾಹ್ನ ಗಂಡ ಆಫೀಸಿನಲ್ಲಿರುವಾಗ ನಾವಿಬ್ಬರೂ ಬಾಗಿಲಲ್ಲಿ ಕೂತು ಹುರಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆವು. ಒಮ್ಮೆ ನಾನು ಕೇಳಿದೆ. "ಅವತ್ತು ನಮ್ಮ ಮನೇಲಿ ನಾನು ಹಲ್ಲು ಅನ್ನದೆ ಇದ್ದಿದ್ರೆ ಏನ್ ಮಾಡ್ತಿದ್ರಿ ಅಜ್ಜಿ?"

ಅಜ್ಜಿ ಸಿಪ್ಪೆ ಊದಿ ಹಾರಿಸಿದರು.

"ನಮ್ಮಪ್ಪ ನಂಗೆ ಎಳ್ಡು ಕುರಿ ಕೊಡ್ತೀನಿ ಅಂದಿದ್ದ. ಒಂದು ಕೊಟ್ಟ. ನಮ್ಮತ್ತೆ ಸಾಯೋಗಂಟ ಆ ಒಂದು ಕುರೀನ ಎತ್ತಾಡಿದ್ಲು. ಇವು ಮೂರೂ ನಿನ್ನೂ ಅಂಗೇ ಅನ್ನಬಾರ್ದು ಅಂತ ಬಸ್ ಅತ್ತಿದ್ದು ಕಣ್ ಮಗಾ. ನೀನು ಪೊರಕೆ ಅಂದಿದ್ರೂ ಊ ಅಂತಿದ್ದೆ."

ಆಮೇಲೆ ಇನ್ನೊಂದು ಹಿಡಿ ಕಡಲೆಕಾಯಿ ತನ್ನ ಕಡೆ ಎಳೆದುಕೊಂಡರು.