ಸೆನ್ಸೇಯ ದನಿಯಾಗಿದ್ದವಳು

ಅವೊಮೊರಿ ಸೀಮೆಯ ಆ ಪುಟ್ಟ ಬಂದರಿನಲ್ಲಿ ಶಿಜುಎಯ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಿತ. ವರ್ಷವಿಡೀ ಬೊಂಡಾಸ್ ಮೀನು ಸೀಳಿ ಒಣಹಾಕುವ ಶೆಡ್ಡಿನಲ್ಲಿ ದುಡಿಮೆ. ಚುನಾವಣೆ ಬಂತೆಂದರೆ ಬಿಳಿ ಕೈಗವಸು ತೊಟ್ಟು ಪ್ರಚಾರದ ವ್ಯಾನು ಹತ್ತುವಳು. ಕಿಟಕಿಯಾಚೆ ಒಂದು ಕೈ ಬೀಸುತ್ತ, ಇನ್ನೊಂದರಲ್ಲಿ ಮೈಕು ಹಿಡಿದು ಅಭ್ಯರ್ಥಿಯ ಹೆಸರು ಕೂಗುವಳು. ಭಾಷಣವಿಲ್ಲ, ಭರವಸೆಯಿಲ್ಲ, ಬರೀ ಹೆಸರು: "ಕುರೊತಾಕಿ, ಕುರೊತಾಕಿ ಗೆನ್ಯಾ!" ಇಂಥ ಹೆಂಗಸರಿಗೆ ಅಲ್ಲಿ ಹಾಡುಹಕ್ಕಿ ಎಂದೇ ಹೆಸರು, ಅವರ ರಾಜಕಾರಣಿಗೆ ಗೌರವದಿಂದ ಸೆನ್ಸೇ.

ಹಸಿರು ದೋಣಿಯ ಇವಾಕಿಚಿ ದೋಣಿ ಕಟ್ಟುವ ಧಕ್ಕೆಯಿಂದಲೇ ಕೆಣಕುತ್ತಿದ್ದ. "ಏ ಹಾಡುಹಕ್ಕಿ, ನನ್ನ ವೋಟು ನಿಂಗೇ ಕಣೇ, ನಿನ್ನ ಸೆನ್ಸೇಗಲ್ಲ!"

"ಹಾಗಾದ್ರೆ ನಿಮ್ಮ ವೋಟು ಕೆಟ್ಟೋಯ್ತು, ಇವಾಕಿಚಿ-ಸಾನ್!" ಎಂದು ಅವಳು ಮೈಕಿನಲ್ಲೇ ಉತ್ತರಿಸಿದರೆ ಧಕ್ಕೆಯೆಲ್ಲ ನಗು.

ಆಸ್ಪತ್ರೆ, ಶಾಲೆ, ಸಾವಿನ ಮನೆಯ ಮುಂದೆ ಮೈಕು ಆರಿಸುವುದನ್ನು ಹಾಡುಹಕ್ಕಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಸಲ ಸಂಸದ ಕುರೊತಾಕಿಯ ಕುರ್ಚಿ ಅಲ್ಲಾಡುತ್ತಿತ್ತು. ಪ್ರಚಾರದ ನಡುವೆಯೇ ಇವಾಕಿಚಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡ. ಅವನ ಮನೆಯ ಮುಂದೆ ಕಪ್ಪು ಬಟ್ಟೆಯ ಜನ ಸಾಲುಗಟ್ಟಿ ನಿಂತಿದ್ದರು. ವ್ಯಾನು ಆ ಓಣಿಗೆ ತಿರುಗುತ್ತಲೇ ಶಿಜುಎ ಮೈಕು ಆರಿಸಿದಳು.

"ಯಾಕೆ ನಿಲ್ಲಿಸ್ದೆ?" ಹಿಂದಿನ ಸೀಟಿನಿಂದ ಕುರೊತಾಕಿ ಕೇಳಿದ.

"ಸಾವಿನ ಮನೆ, ಸೆನ್ಸೇ. ಇವಾಕಿಚಿ-ಸಾನ್ ಅವರದ್ದು."

"ಓಣಿ ತುಂಬ ವೋಟು ನಿಂತಿದೆಯಲ್ಲ. ಒತ್ತು."

ಮೈಕಿನ ಗುಂಡಿ ಒತ್ತಿದಳು. ಹೆಸರು ಕೂಗಿದಳು. ಸಾಲಿನಲ್ಲಿದ್ದ ಯಾರೋ ಫೋನಿನಲ್ಲಿ ಅದನ್ನು ಸೆರೆಹಿಡಿದರು. ಸಂಜೆಯೊಳಗೆ ದೇಶವೇ ಉಗಿಯುತ್ತಿತ್ತು.

ಕುರೊತಾಕಿ ಪತ್ರಕರ್ತರನ್ನು ಕರೆಸಿ, ಹಣೆ ಮೇಜಿಗೆ ತಾಗುವಷ್ಟು ಬಾಗಿದ. "ಪ್ರಚಾರದ ಹೆಂಗಸು ನನ್ನನ್ನು ಕೇಳದೆ ಮಾಡಿದ್ದು. ಆದರೂ ಹೊಣೆ ನನ್ನದೇ" ಎಂದ. ಎಂಥ ಕಸುಬುದಾರಿಕೆ ನೋಡಿ! ಹೊಣೆ ಹೊರುವ ಹೆಸರಲ್ಲೇ ಪಾಪವನ್ನು ಅವಳ ತಲೆಗೆ ಕಟ್ಟಿದ. ಸೆನ್ಸೇಯ ಕೈಕೆಳಗಿನವರು ಬಾಯಿ ಬಿಡಬಾರದು, ಅವಳು ಬಿಡಲಿಲ್ಲ.

ಅವನು ಸೋತ. ವರ್ಷ ತುಂಬುವ ಮೊದಲೇ ಟೀವಿಯವರು ಅವನನ್ನು ನಗೆ ಕಾರ್ಯಕ್ರಮಕ್ಕೆ ಎತ್ತಿಕೊಂಡರು. ಮುಷ್ಟಿಯನ್ನೇ ಮೈಕು ಮಾಡಿಕೊಂಡು ಅವಳ ದನಿಯನ್ನು ಅಣಕಿಸುವುದು ಅವನ ಜನಪ್ರಿಯ ಐಟಂ ಆಯಿತು. ಮಾನ ಬಿಟ್ಟವನಿಗೆ ಆ ಪೆಟ್ಟಿಗೆಯೊಳಗೆ ಯಾವತ್ತೂ ಜಾಗವಿದೆ.

ಊರಿನಲ್ಲಿ ಯಾರೂ ಶಿಜುಎಯನ್ನು ಬೈಯಲಿಲ್ಲ. ಶೆಡ್ಡಿನಲ್ಲಿ, ಊರಿಗೆಲ್ಲ ಒಂದೇ ಆದ ಸ್ನಾನದ ಮನೆಯಲ್ಲಿ, ಅವಳ ಪಕ್ಕದ ಜಾಗ ಸುಮ್ಮನೆ ಖಾಲಿ ಉಳಿಯುತ್ತಿತ್ತು. ಸತ್ತವನಿಗೆ ಊದುಬತ್ತಿ ಹಚ್ಚಲೆಂದು ಶಿಜುಎ ಇವಾಕಿಚಿಯ ಹೆಂಡತಿ ಹತ್ಸುನೊಳ ಮನೆಗೆ ಹೋದರೆ ಬಾಗಿಲು ತೆರೆಯಲಿಲ್ಲ. ನಡೆದದ್ದು ಹತ್ಸುನೊ ಒಬ್ಬಳಿಗೆ ಗೊತ್ತಾದರೆ ಸಾಕಿತ್ತು. ಆದರೆ ತಾನೇ ಹೇಳಿದರೆ ಜಾರಿಕೊಳ್ಳುವ ಮಾತಾದೀತು ಎಂದು ಹಲ್ಲು ಕಚ್ಚಿ ಇದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನ ಟೀವಿಯಲ್ಲಿ ಕುರೊತಾಕಿ ಕಾಣಿಸಿಕೊಂಡ. "ನಿಜ ಹೇಳ್ಬಿಡ್ಲಾ? ಸಾವಿನ ಮನೆ ಅಂತ ಅವಳು ಮೈಕು ಆರಿಸಿದ್ಲು, ಒತ್ತು ಅಂದಿದ್ದು ನಾನೇ! ಅವಳ ಮುಖ ನೋಡ್ಬೇಕಿತ್ತು, ಹೆಣವೇ ಎದ್ದು ಬಂದ ಹಾಗೆ!" ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು. ಅವನ ಮಾತು ಪರದೆಯ ಮೇಲೆ ಬಣ್ಣದ ಅಕ್ಷರಗಳಲ್ಲಿ ಕುಣಿಯಿತು. ಅಲ್ಲಿ ಒಬ್ಬ ಮನುಷ್ಯ ಸತ್ತಿದ್ದ ಎಂಬುದು ಆ ನಗುವವರಲ್ಲಿ ಒಬ್ಬರಿಗಾದರೂ ನೆನಪಿತ್ತೇ?

ಶೆಡ್ಡಿನ ಹೆಂಗಸರು ಊಟ ನಿಲ್ಲಿಸಿದರು. ಒಬ್ಬಳು ಎದ್ದುಬಂದು ಪಕ್ಕದಲ್ಲಿ ಕೂತಳು. "ಶಿಜುಎ-ಸಾನ್, ಟೀ ಆರಿಹೋಗತ್ತೆ, ಕುಡಿ."

ಸಂಜೆ ಶಿಜುಎ ಹತ್ಸುನೊಳ ಮನೆಗೆ ಹೋದಳು. ಈ ಸಲ ಬಾಗಿಲು ಸರಿಯಿತು.

"ಟೀವಿ ನೋಡ್ದೆ" ಎಂದಳು ಹತ್ಸುನೊ. "ಅವನಿಗೇನು, ನಮ್ಮನೆಯವರ ಮುಖವೂ ಗೊತ್ತಿಲ್ಲ. ನಿಂಗೆ ಗೊತ್ತಿತ್ತಲ್ಲ, ಯಾರ ಮನೆ ಅಂತ?"

"ಗೊತ್ತಿತ್ತು, ಹತ್ಸುನೊ-ಸಾನ್."

"ನಾನು ಇಷ್ಟು ದಿನ, ಪಾಪ, ಬಾಯಿ ಅಭ್ಯಾಸ, ನೋಡದೆ ಕೂಗಿದ್ದಾಳೆ ಅಂದ್ಕೊಂಡಿದ್ದೆ. ಸಿಟ್ಟು ಇಳೀತಾ ಬಂದಿತ್ತು. ಈ ಬೇಸಿಗೆಗೆ ಅವರ ಹೆಸರಲ್ಲಿ ದೀಪ ಹಚ್ಚೋವಾಗ ನಿನ್ನನ್ನೂ ಕರೀಬೇಕು ಅಂತಿದ್ದೆ." ಅವಳ ದನಿ ಏರಲಿಲ್ಲ. "ನೀನು ನೋಡಿದ್ದೆ, ಆರಿಸಿದ್ದೆ, ಆಮೇಲೆ ಒತ್ತಿದೆ. ಅಲ್ವಾ?"

ಶಿಜುಎ ಸೊಂಟ ಬಾಗಿಸಿ ನಿಂತಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಬೇಸಿಗೆಯಲ್ಲಿ, ಸತ್ತವರು ದೀಪದ ಬೆಳಕಿಗೆ ಮನೆಗೆ ಬರುತ್ತಾರೆಂದು ನಂಬುವ ದಿನ, ಊರೆಲ್ಲ ಹತ್ಸುನೊಳ ಮನೆಗೆ ಹೋಗಿ ಬಂತು. ಶಿಜುಎ ಶೆಡ್ಡಿನಲ್ಲಿ ಒಬ್ಬಳೇ ಕೂತು ಮೀನು ಸೀಳುತ್ತಿದ್ದಳು.