ಕಣ್ಣನ್ನು ನಂಬದ ಕಲರಿಸ್ಟ್

ಬೆಳ್ಳಂದೂರಿನ ಸ್ಟುಡಿಯೋದಲ್ಲಿ ನಾನು ವಿಡಿಯೋ ಎಡಿಟ್ ಮಾಡುತ್ತಿದ್ದೆ. ಅದಕ್ಕೆ ಬಣ್ಣ ತಿದ್ದಲು ಅಲ್ಲೊಬ್ಬ ಕಲರಿಸ್ಟ್ ಇದ್ದರು. ಕಪ್ಪು ಅಂಗಿ ಬಿಟ್ಟು ಬೇರೆ ಹಾಕಿದವರಲ್ಲ. ಬೇರೆ ಬಣ್ಣದ ಬಟ್ಟೆ ಮಾನಿಟರಿನಲ್ಲಿ ಪ್ರತಿಫಲಿಸಿ ಕೆಲಸ ಕೆಡುತ್ತದಂತೆ. ನಾನು ಹಳದಿ ಟೀ ಶರ್ಟ್ ಹಾಕಿದ್ದ ದಿನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಯಾರಾದರೂ ಪರದೆ ನೋಡಿ ಚೆನ್ನಾಗಿದೆ ಎಂದರೆ ಸಾಕು, "ಕಣ್ಣನ್ನ ನಂಬಬೇಡಿ ಕಣ್ರೀ, ಗ್ರಾಫ್ ನೋಡಿ" ಎಂದು ಬಣ್ಣ, ಬೆಳಕಿನ ಅಳತೆಯನ್ನು ಗೆರೆಗಳಲ್ಲಿ ತೋರಿಸುವ ಗ್ರಾಫಿನತ್ತ ಬೆರಳು ಮಾಡುತ್ತಿದ್ದರು.

ಪೀಣ್ಯದ ಕಾರ್ಖಾನೆಯೊಂದರ ಕೆಲಸಗಾರರ ಬಗೆಗಿನ ಕಿರುಚಿತ್ರವೊಂದು ಕೆಲಸಕ್ಕೆ ಬಂತು. ಅದರ ವೆಲ್ಡಿಂಗ್ ಕಿಡಿಗಳಿಗೆ, ದುಬಾರಿ ಟಿವಿಗಳಲ್ಲಷ್ಟೇ ಸರಿಯಾಗಿ ಕಾಣುವ ಎಚ್‌ಡಿಆರ್ ಹೊಳಪು ಕೊಡಲು ನಾಲ್ಕು ದಿನ ಕೂತರು. ಮಾಮೂಲಿ ಟಿವಿಯಲ್ಲಿ ಇದು ಮಂಕಾಗುತ್ತದೆ, ಅದಕ್ಕೊಂದು ಬೇರೆ ಪ್ರತಿ ಮಾಡಿಕೊಡಿ ಎಂದು ಮೂರು ಸಲ ಕೇಳಿದೆ.

"ಡಬ್ಬಾ ಟಿವಿಗೆಲ್ಲ ನಾನ್ ಕೆಲ್ಸ ಮಾಡಲ್ಲ" ಎಂದರು.

ಚಿತ್ರ ತೋರಿಸಲು ಹೋದರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದ್ದದ್ದು ಡಬ್ಬಾ ಟಿವಿಯೇ. ಕೆಲಸಗಾರರೆಲ್ಲ ಊಟದ ತಟ್ಟೆ ಹಿಡಿದು ತಮ್ಮನ್ನು ತಾವು ನೋಡಲು ಕೂತರು. ಕಿಡಿಗಳು ಬೂದಿಯ ಹಾಗೆ ಉದುರಿದವು. ಮುಖಗಳು ಅಕ್ಕಿ ತೊಳೆದ ನೀರಿನಲ್ಲಿ ಅದ್ದಿ ತೆಗೆದಂತಿದ್ದವು. ಕಲರಿಸ್ಟ್ ಮಾತ್ರ ಟಿವಿಗೆ ಬೆನ್ನು ಹಾಕಿ, ಲ್ಯಾಪ್‌ಟಾಪಿನ ಗ್ರಾಫ್ ನೋಡುತ್ತ, "ಎಲ್ಲಾ ಪರ್ಫೆಕ್ಟಾಗಿದೆ" ಎಂದರು.

ಚಿತ್ರದಲ್ಲಿದ್ದ ಗದಗ ಕಡೆಯ ವೆಲ್ಡರ್ ಎದ್ದು ಬಂದು ಲ್ಯಾಪ್‌ಟಾಪಿನ ಕಡೆ ಬಗ್ಗಿದ.

"ಇದ್ರಾಗ ನಾ ಎಲ್ಲಿ ಅದೀನ್ರಿ ಸರ?"

ಇವರು ಗಂಭೀರವಾಗಿ ಒಂದು ಗೆರೆಯ ತುದಿಗೆ ಬೆರಳಿಟ್ಟು ತೋರಿಸಿದರು. ವೆಲ್ಡರ್ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಚಲೋ ಬಂದೀನಿ ಬಿಡ್ರಿ" ಎಂದು ತಟ್ಟೆ ತೊಳೆಯಲು ಹೋದ.