ಎರಡು ಕ್ಯಾಸೆಟ್‌ಗಳಲ್ಲಿ ಒಬ್ಬಳು ಸಹಪಾಠಿ

ಮಕ್ಕಳೇ, ನಾನು ಗಲ್ಫಿನಲ್ಲಿ, ಅಲ್ ಸದ್ದ್ ಬಡಾವಣೆಯ ಮನೆಯಲ್ಲಿ ನಿಮ್ಮ ಜೊತೆಗಿದ್ದ ವರ್ಷ ನಿಮ್ಮ ಅಕ್ಕ ಏಳನೇ ತರಗತಿ. ನೀವಿನ್ನೂ ಚಿಕ್ಕವರು. ಅವಳ ಟೀಚರು ಅಮೆರಿಕದ ಕಪ್ಪು ಹೆಂಗಸು. ಹಿಂದೆ ಗುಲಾಮರಾಗಿದ್ದವರ ಮೊಮ್ಮಕ್ಕಳು ಹೇಳಿದ ನೆನಪುಗಳನ್ನು ಟೇಪಿನಲ್ಲಿ ಕೇಳಿಸಿ ಚರಿತ್ರೆ ಕಲಿಸುತ್ತಿದ್ದರು. ಮಕ್ಕಳೂ ಮನೆಯ ಹಿರಿಯರ ಮಾತನ್ನು ಟೇಪ್ ಮಾಡಿ ತರಬೇಕಿತ್ತು.

"ಅಜ್ಜಿ, ಇಂಡಿಯಾದಲ್ಲಿ ಬ್ಲಾಕ್ ಪೀಪಲ್ ಇದಾರಾ?"

"ನಮ್ಮ ಯಲ್ಲಾಪುರದ ಕಡೆ ಸಿದ್ದಿಯರಿದ್ದಾರಲ್ಲ. ನನ್ನ ಕ್ಲಾಸಲ್ಲೇ ಒಬ್ಬಳಿದ್ದಳು" ಎಂದುಬಿಟ್ಟೆ.

ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು, ತಪ್ಪಿಸಿಕೊಂಡವರು ಕಾಡು ಸೇರಿದರು. ಇದನ್ನು ನಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ನಿಮ್ಮ ಅಪ್ಪ ಟೇಪ್‌ರೆಕಾರ್ಡರ್ ತಂದಿಟ್ಟ. "ಆಯಿ, ಇದಕ್ಕಾದ್ರೂ ಕೇಳೋ ಹಾಗೆ ಮಾತಾಡು ಮಾರಾಯ್ತಿ!"

ಆ ಸಿದ್ದಿ ಹುಡುಗಿಯೂ ನಾನೂ ಒಂದೇ ಚಾಪೆಯಲ್ಲಿ ಕೂತು ನೆಲ್ಲಿಕಾಯಿ ಹಂಚಿಕೊಂಡು ತಿನ್ನುತ್ತಿದ್ದೆವು ಎಂದು ಹೇಳಿದೆ. ಅಕ್ಕನಿಗೆ ಖುಷಿಯೋ ಖುಷಿ.

ಮರುವಾರ ಟೀಚರು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದು ಕಳಿಸಿದರು. ಆ ಹುಡುಗಿ ಎಷ್ಟು ಓದಿದಳು? ಶಾಲೆ ಯಾಕೆ ಬಿಟ್ಟಳು?

"ನಾಲ್ಕನೇ ತರಗತಿ" ಎಂದೆ. ಎರಡನೆಯದು ಬಂದಾಗ ಎದ್ದು ಅಡುಗೆಮನೆಗೆ ಹೋದೆ. ಎರಡು ದಿನ ಅಕ್ಕ ಹಾಳೆ ಹಿಡಿದು ಹಿಂದೆ ಹಿಂದೆ ಬಂದಳು.

"ಅಜ್ಜಿ, ಬ್ಲ್ಯಾಂಕ್ ಬಿಟ್ರೆ ಟೀಚರ್ ಮತ್ತೆ ಕೇಳ್ತಾರೆ."

ಮೂರನೆಯ ದಿನ, "ಹೊಸ ಕ್ಯಾಸೆಟ್ ಹಾಕು" ಎಂದೆ.

ನಮ್ಮ ಶಾಲೆಯ ನೀರಿನ ಕೊಡವನ್ನು ಆ ಹುಡುಗಿ ಮುಟ್ಟುವಂತಿರಲಿಲ್ಲ. ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವ ಕೆಲಸ ನನ್ನದು. ಒಂದು ದಿನ ನಾನು ಆಟದಲ್ಲಿದ್ದೆ, ಕರೆದರೂ ಹೋಗಲಿಲ್ಲ. ಬಾಯಾರಿ ಅವಳೇ ಕೊಡ ಬಗ್ಗಿಸಿ ಕುಡಿದಳು. ಬಾಯೇ ಬಿಡದ ನಾನು ಆ ದಿನ ಮಾಸ್ತರರಿಗೆ ಗಟ್ಟಿಯಾಗಿ ಹೇಳಿದೆ. ಅವರು ಕೊಡ ಒಡೆಸಿದರು, ಅವಳನ್ನು ಹೊಡೆದರು. ಮಾರನೆಯ ದಿನದಿಂದ ಅವಳು ಬರಲಿಲ್ಲ. ಅವಳು ನೆಲ್ಲಿಕಾಯಿ ತರುತ್ತಿದ್ದುದು ನಿಜ. ನಾನು ಒಮ್ಮೆಯೂ ತೆಗೆದುಕೊಂಡಿರಲಿಲ್ಲ.

"ಅಜ್ಜಿ, ನೀನೇ ಕಂಪ್ಲೇಂಟ್ ಮಾಡಿದ್ಯಾ?"

"ಹೂಂ. ನಾನೇ."

ಅಕ್ಕ ಗುಂಡಿ ಒತ್ತಿ ಕ್ಯಾಸೆಟ್ ಹೊರತೆಗೆದಳು.

ಮೊದಲನೆಯದನ್ನು ಅಳಿಸಿಬಿಡಲು ಟೀಚರಿಗೆ ಹೇಳು ಎಂದು ಕಳಿಸಿದೆ. ಅವರು ಒಪ್ಪಲಿಲ್ಲ. ಒಬ್ಬರು ಹೇಳಿದ್ದನ್ನು ಅಳಿಸುವ ಪದ್ಧತಿ ಅವರ ಪಾಠದಲ್ಲಿ ಇಲ್ಲವಂತೆ. 'ಮೊದಲು ಹೇಳಿದ್ದು', 'ಆಮೇಲೆ ಹೇಳಿದ್ದು' ಎಂದು ಚೀಟಿ ಅಂಟಿಸಿ ಎರಡನ್ನೂ ತರಗತಿಯ ಕಪಾಟಿನಲ್ಲಿ ಇಟ್ಟರು.

ಅದಕ್ಕೇ ನಿಮಗೂ ಎರಡನ್ನೂ ಬರೆದಿದ್ದೇನೆ.